ಎಂ.ಎಸ್ಸಿ. ಕೆಮಿಸ್ಟ್ರಿ ಆಯ್ತು, ಪಾಶಮೈಲಾರಂನಿಂದ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಆಫರ್ ಬಂದದ. ಹೋಗ್ಲೋ ಬ್ಯಾಡೋ?

ಚಿಂಚೋಳಿ ಕೆಮಿಸ್ಟ್ರಿ ಕೇಳಿದ್ದು:

ನಮಸ್ಕಾರ್ರಿ ಎಲ್ಲರಿಗೂ. ನಮ್ಮೂರು ಚಿಂಚೋಳಿ ತಾಲೂಕು, ತೆಲಂಗಾಣ ಗಡಿಗೆ ಹತ್ತಿಕೊಂಡೇ ಅದ. ಈ ವರ್ಷ ಕಲಬುರಗಿದಾಗ ಎಂ.ಎಸ್ಸಿ. ಕೆಮಿಸ್ಟ್ರಿ ಮುಗಿಸೀನಿ. ಫಸ್ಟ್ ಕ್ಲಾಸ್ ಅದ, ರ‍್ಯಾಂಕ್ ಗೀಂಕ್ ಏನಿಲ್ಲ.

ಸೀನಿಯರ್ ಒಬ್ಬರು ರೆಸ್ಯೂಮ್ ಕಳಿಸು ಅಂದ್ರು, ಕಳಿಸಿದೆ. ಹೈದರಾಬಾದ್ ಹತ್ರದ ಕೈಗಾರಿಕಾ ಪ್ರದೇಶ ಪಾಶಮೈಲಾರಂದಾಗ ಒಂದು ಔಷಧಿ ಕಂಪನಿದು ವಾಕ್-ಇನ್ ಇತ್ತು. ಒಂದೇ ಹಾಲಿನಾಗ ನೂರಾರು ಮಂದಿ, ಎಲ್ಲರ ಕೈಯಾಗೂ ಅದೇ ಪ್ಲಾಸ್ಟಿಕ್ ಫೈಲು. ಮೊದಲು ಒಂದು ಲಿಖಿತ ಪರೀಕ್ಷೆ, ಆಮ್ಯಾಲ ಇಬ್ಬರು ಕೂತು ಕೇಳಿದ್ರು. ನಾರ್ಮಾಲಿಟಿ, ಮೊಲಾರಿಟಿ, ಬಫರ್, ಬಿಯರ್-ಲ್ಯಾಂಬರ್ಟ್ ನಿಯಮ ಎಲ್ಲಾ ಹೇಳಿದೆ. "ಒಂದು ಪುಡಿದಾಗ ನೀರು ಎಷ್ಟದ ಅಂತ ಹೆಂಗ ಕಂಡು ಹಿಡೀತಿ?" ಅಂದ್ರು. ಓವನ್‌ದಾಗ ಒಣಗಿಸಿ ತೂಕ ನೋಡ್ತೀನಿ ಅಂದೆ. "ಒಣಗಿಸಿದ್ರ ನೀರಷ್ಟೇ ಹೋಗ್ತದೇನು, ಸಾಲ್ವೆಂಟ್ ಹೋಗಲ್ಲೇನು?" ಅಂತ ತಿರುಗಿ ಕೇಳಿದ್ರು. ನೀರಷ್ಟೇ ಅಳಿಯೋ ಕಾರ್ಲ್ ಫಿಶರ್ ವಿಧಾನದ ಹೆಸರು ಪುಸ್ತಕದಾಗ ಓದಿದ್ದೆ, ಮಷಿನ್ ಕಣ್ಣಿಲೆ ನೋಡಿಲ್ಲ. ನಮ್ಮ ಕಾಲೇಜಿನಾಗ ಎಚ್‌ಪಿಎಲ್‌ಸಿ (ಮಿಶ್ರಣದಾಗಿನ ವಸ್ತು ಬೇರ್ಪಡಿಸಿ ಅಳಿಯೋ ಮಷಿನ್) ಅಂದ್ರ ಪರೀಕ್ಷೆದಾಗ ಬಿಡಿಸೋ ಚಿತ್ರ, ಅಷ್ಟೇ. ಯಾವ ಕಾಲೇಜು ಅಂತ ಕೇಳಬ್ಯಾಡ್ರಿ.

ಹಂಗಿದ್ರೂ ತಗೊಂಡಾರ. ಕ್ಯೂಸಿ ಟ್ರೈನಿ. ಮೇಲ್‌ದಾಗ ಸಿಟಿಸಿ (ಕಂಪನಿಗೆ ಬೀಳೋ ಒಟ್ಟು ಖರ್ಚು) ತಿಂಗಳಿಗಿ 18,537 ಅಂತ ಹಾಕ್ಯಾರ. ಎರಡು ವರ್ಷದ ಬಾಂಡ್ ಬರೆದು ಕೊಡಬೇಕಂತ. ಜಾಯಿನ್ ಆಗೋ ದಿನ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ತರಬೇಕಂತ.

ಇನ್ನೊಂದು ಕಡೆ ಕಲಬುರಗಿದಾಗ ಒಂದು ಖಾಸಗಿ ಪಿಯು ಕಾಲೇಜಿನವರು ಬರ್ರಿ ಅಂದಾರ. 12,000, ಅದೂ ಕ್ಲಾಸ್ ನಡೆಯೋ ತಿಂಗಳಿಗಷ್ಟೇ. ಬ್ಯಾಸಿಗಿದಾಗ ಪಗಾರ ಇಲ್ಲ.

ಅಪ್ಪಂದು ಮೂರನೇ ದಾರಿ. "ಎಲ್ಲೂ ಹೋಗಬ್ಯಾಡ, ಕೋಚಿಂಗ್ ಸೇರು, ನಮ್ಮ ಭಾಗದವರಿಗಿ 371ಜೆ ಮೀಸಲಾತಿ ಅದ, ಸರ್ಕಾರಿ ನೌಕ್ರಿ ಬಿದ್ದೇ ಬೀಳ್ತದ" ಅಂತಾರ. ಪಾಶಮೈಲಾರಂ ಹೆಸರು ಕೇಳಿದ್ರಂತೂ ಮಾತೇ ಮುಗೀತು. 2025ರ ಜೂನ್ 30ಕ್ಕ ಅಲ್ಲಿ ಕಾರ್ಖಾನಿ ಸ್ಫೋಟ ಆಗಿ 40ಕ್ಕಿಂತ ಹೆಚ್ಚು ಜನ ಸತ್ತಿದ್ರಲ್ಲ, ಅದನ್ನ ಅವರು ಟಿವಿದಾಗ ದಿನಾ ನೋಡ್ಯಾರ. ನಾನೇನು ಹೇಳಿದ್ರೂ "ಅಲ್ಲೇ ಅಲ್ಲೇನು?" ಅಂತಾರ. ಹೌದು, ಅಲ್ಲೇ.

ಈ ಸಲ ಮಳಿಗಿ ತೊಗರಿ ಅರ್ಧ ಕೊಳತದ. ಕೋಚಿಂಗ್ ಫೀಸು, ರೂಮು ಅಂತ ಅಪ್ಪನ ಮುಂದ ಕೈಚಾಚಾಕ ನನಗ ಮನಸ್ಸಿಲ್ಲ, ಅದನ್ನ ಬಾಯಿಬಿಟ್ಟು ಹೇಳಾಕೂ ಬರಲ್ಲ.

ಕ್ಯೂಸಿದಾಗ ಹೋದ್ರ ಮುಂದ ದಾರಿ ಅದೇನು, ಇಲ್ಲಾ ಅಲ್ಲೇ ಬಾಟ್ಲಿ ತೊಳಕೋತ ಉಳೀತೀನೇನು? ಬಾಂಡ್ ಬರೆದು ಕೊಡಬಹುದೇನು? ಅಪ್ಪಗ ಸುರಕ್ಷತೆ ಬಗ್ಗೆ ಖರೆ ಖರೆ ಏನು ಹೇಳ್ಲಿ? ಬಲ್ಲವರು ಹೇಳ್ರಿ.

ಕಪನೂರ್ ಗೇಟ್:

12,000ದ ಲೆಕ್ಚರರ್ ಕೆಲಸ ಮಾತ್ರ ತಗೋಬ್ಯಾಡ್ರಿ. ಪಾಠ ಹೇಳೋದು ಒಂದು ಪಾಲು, ಅಡ್ಮಿಷನ್ ಟೈಮ್‌ದಾಗ ಹಳ್ಳಿ ಹಳ್ಳಿ ತಿರುಗಿ ಹುಡುಗರನ್ನ ಕರಕೊಂಡು ಬರ್ರಿ ಅಂತ ಕಳಿಸೋದು ಮೂರು ಪಾಲು. ನಮ್ಮ ತಮ್ಮ ಮಾಡಿ ಬಿಟ್ಟಾನ.

ಹುಮನಾಬಾದ್ ಅಕ್ಕ:

ತಂಗಿ, ನಾ ಹುಮನಾಬಾದ್‌ನಾಕಿ. ಬಿ.ಎಸ್ಸಿ. ಮುಗಿಸಿ ಮೊದಲು ನಮ್ಮೂರ ಇಂಡಸ್ಟ್ರಿಯಲ್ ಏರಿಯಾದಾಗೇ ಒಂದು ಬಲ್ಕ್ ಡ್ರಗ್ (ಔಷಧಿ ಮೂಲವಸ್ತು) ಘಟಕದ ಲ್ಯಾಬ್‌ನ್ಯಾಗ ಸೇರಿದೆ, ಆಮ್ಯಾಲ ಪಟಾನ್‌ಚೆರು ಕಡೆ ಬಂದೆ. ಈಗ ಕ್ಯೂಸಿದಾಗ ರಿವ್ಯೂವರ್ ಇದೀನಿ, ಅಂದ್ರ ಮಂದಿ ಮಾಡಿದ ಅನಾಲಿಸಿಸ್ ತಿದ್ದೋದೇ ನನ್ನ ಕೆಲಸ. ಹಿಂಗಾಗಿ ಸ್ವಲ್ಪ ಉದ್ದ ಬರೀತೀನಿ, ಬ್ಯಾಸರ ಮಾಡಕೋಬ್ಯಾಡ.

ಕ್ಯೂಸಿ ಅಂದ್ರ ಒಂದೇ ಕೆಲಸ ಅಲ್ಲ. ಕಚ್ಚಾಮಾಲು ನೋಡೋರು ಬ್ಯಾರೆ, ಇನ್-ಪ್ರಾಸೆಸ್ ಬ್ಯಾರೆ, ಫಿನಿಶ್ಡ್ ಪ್ರಾಡಕ್ಟ್ ಬ್ಯಾರೆ, ಸ್ಟೆಬಿಲಿಟಿ ಬ್ಯಾರೆ. ಹೊಸಬರನ್ನ ಮೊದಲು ವೆಟ್ ಲ್ಯಾಬ್‌ಗೆ ಹಾಕ್ತಾರ. ಪಿಎಚ್, ಎಲ್‌ಒಡಿ (ಒಣಗಿಸಿದ್ರ ತೂಕ ಎಷ್ಟು ಕಡಿಮಿ ಆಗ್ತದ ಅನ್ನೋದು), ಟೈಟ್ರೇಷನ್, ನಿನಗ ಕೇಳಿದ್ರಲ್ಲ ಆ ಕಾರ್ಲ್ ಫಿಶರ್, ಇವೇ ಇರ್ತಾವ. ಅದು ಬರೋಬ್ಬರಿ ಅದ, ಅಲ್ಲೇ ಕೈ ಕೂಡೋದು. ಆದ್ರ ಆರು ತಿಂಗಳು ಕಳೆದ್ರೂ ಸ್ಯಾಂಪಲ್ ತರೋದು, ಫೈಲ್ ಜೋಡಿಸೋದು, ಗ್ಲಾಸ್‌ವೇರ್ ಎಣಿಸೋದೇ ನಡದಿದ್ರ ಬಾಯಿ ಬಿಟ್ಟು ಕೇಳಬೇಕು. ಎಚ್‌ಪಿಎಲ್‌ಸಿ ಮ್ಯಾಲ ಕೂರಿಸಿದ್ರೇನು, ಅದನ್ನ ನಡಸೋ ಎಂಪವರ್ ಸಾಫ್ಟ್‌ವೇರ್‌ನ್ಯಾಗ ನಿನ್ನ ಹೆಸರಿಲೆ ಲಾಗಿನ್ ಕೊಟ್ರೇನು, ಅದೇ ನೋಡಬೇಕಾದ್ದು. ಎರಡು ವರ್ಷ ಆದಮ್ಯಾಲ ಬ್ಯಾರೆ ಕಂಪನಿಯವರು ನಿನ್ನ ಮಾರ್ಕ್ಸ್ ಕೇಳಲ್ಲ. "ಯಾವ ಇನ್‌ಸ್ಟ್ರುಮೆಂಟ್ ಒಬ್ಬಾಕಿನೇ ನಡಸ್ತಿ?" ಅಂತಾರ.

ಅದಕ್ಕ ನೀ ಈಗ ಎಚ್‌ಆರ್‌ಗೆ ಮೇಲ್ ಮಾಡಿ ಕೇಳು: ಯಾವ ಸೆಕ್ಷನ್, ಎಷ್ಟು ತಿಂಗಳಿಗಿ ಅನಾಲಿಸ್ಟ್ ಕ್ವಾಲಿಫಿಕೇಷನ್ (ಒಬ್ಬಾಕಿನೇ ಟೆಸ್ಟ್ ಮಾಡಬಹುದು ಅಂತ ಒಪ್ಪೋದು) ಮಾಡ್ತೀರಿ. ಪ್ರೊಡಕ್ಷನ್‌ಗೆ ತಿರುಗಿಸೋ ಷರತ್ತು ಅದೇನು ಅಂತನೂ ಕೇಳು. ಎಷ್ಟೋ ಹುಡುಗರು ಕ್ಯೂಸಿ ಅಂತ ಬಂದು ರಿಯಾಕ್ಟರ್ ಮುಂದ ನಿಂತಾರ.

ಜಾಯಿನ್ ಆಗೋದ್ರೊಳಗ ಒಂದು ಕೆಲಸ ಮಾಡು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ತನ್ನ ವಾರ್ನಿಂಗ್ ಲೆಟರ್‌ಗಳನ್ನ ವೆಬ್‌ಸೈಟ್‌ನ್ಯಾಗ ಎಲ್ಲರೂ ಓದೋ ಹಂಗ ಹಾಕ್ತದ. ನಿನಗ ಆಫರ್ ಕೊಟ್ಟ ಕಂಪನಿ ಹೆಸರು ಅಲ್ಲಿ ಹುಡುಕು. ಸಿಗಲಿಲ್ಲಂದ್ರೂ ಬ್ಯಾರೆ ಯಾವುದಾದ್ರೂ ಭಾರತದ ಘಟಕದ್ದು ನಾಲ್ಕೈದು ಓದು. ಇಂಗ್ಲಿಷ್ ಸ್ವಲ್ಪ ಬಿಗಿ ಇರ್ತದ, ಆದ್ರ ಲ್ಯಾಬ್‌ನ್ಯಾಗ ಏನೇನು ನಡೀಬಾರದು ಅನ್ನೋದು ಪುಸ್ತಕಕ್ಕಿಂತ ಅಲ್ಲೇ ಚೆಂದ ತಿಳೀತದ. ಡೇಟಾ ಅಳಿಸಿದ್ದು, ಹರಿದ ಕಾಗದ ಕಸದ ಬುಟ್ಟಿದಾಗ ಸಿಕ್ಕಿದ್ದು, ಮಾಡದೇ ಇದ್ದ ಪರೀಕ್ಷೆ ಬರೆದಿದ್ದು, ಎಲ್ಲಾ ಇರ್ತದ.

ಯಾಕ ಹೇಳ್ಲತ್ತೀನಂದ್ರ, ನಮ್ಮ ಕಡೆ ಡಿಗ್ರಿ ಲ್ಯಾಬ್‌ನ್ಯಾಗ ಒಂದು ರೂಢಿ ಅದ. ಹೋದ ವರ್ಷದ ರೆಕಾರ್ಡ್ ತೆರೆದು ಇಟ್ಟುಕೊಂಡು, ಬ್ಯೂರೆಟ್ ರೀಡಿಂಗ್ ಅದಕ್ಕ ಹೊಂದಿಸಿ ಬರೀತೀವಿ. 9.8 ಬರಬೇಕು, 10.3 ಬಂತು, ಆಯ್ತು 9.9 ಅಂತ ಬರಿ. ಮಾರ್ಕ್ಸ್ ಬರ್ತಾವ. ಇಲ್ಲಿ ಅದೇ ಕೈ ನೌಕ್ರಿ ಕಳೀತದ. ನಮ್ಮ ಲ್ಯಾಬಿಗೆ ಬಂದ ಹೊಸ ಹುಡುಗ ಒಬ್ಬ, ಬುದ್ಧಿವಂತ. ತಕ್ಕಡಿಯಿಂದ ತೂಕದ ಚೀಟಿ ಪ್ರಿಂಟ್ ಆಗಿ ಬರ್ತದ, ಅದರ ಮ್ಯಾಲ ಆಗಿಂದಾಗೇ ಸಹಿ, ತಾರೀಖು ಹಾಕಿ ಅಂಟಿಸಬೇಕು. ಇವ ಏಪ್ರನ್ ಕಿಸೆದಾಗ ಇಟಕೊಂಡು ಕ್ಯಾಂಟೀನಿಗೆ ಹೋದ. ಅದೇ ಹೊತ್ತಿಗೆ ಕ್ಯೂಎ (ನಿಯಮದ ಪ್ರಕಾರ ಕೆಲಸ ನಡದದೇನು ಅಂತ ನೋಡೋ ವಿಭಾಗ) ರೌಂಡ್ ಬಂತು. ನೋಟ್‌ಬುಕ್ಕಿನಾಗ ತೂಕ ಅದ, ಚೀಟಿ ಇಲ್ಲ. ತೂಕ ಖರೇ ಇತ್ತು, ರಿಸಲ್ಟೂ ಖರೇ ಇತ್ತು. ಆದ್ರೂ ಇನ್ವೆಸ್ಟಿಗೇಷನ್ ಬರೆದ್ರು, ಇಡೀ ಅನಾಲಿಸಿಸ್ ಮತ್ತ ಮಾಡಿಸಿದ್ರು, ಎರಡು ಶಿಫ್ಟ್ ಅದಕ್ಕೇ ಹೋಯ್ತು. ತಪ್ಪು ಬರೆದ್ರ ವೈಟ್ನರ್ ಹಚ್ಚಂಗಿಲ್ಲ, 3ನ್ನ 8 ಅಂತ ತಿದ್ದಂಗಿಲ್ಲ. ಒಂದೇ ಗೆರಿ ಎಳೀಬೇಕು, ಹಳೇ ಅಂಕಿ ಕಾಣಬೇಕು, ಮಗ್ಗಲಿಗೆ ಸರಿ ಅಂಕಿ, ಸಹಿ, ತಾರೀಖು, ಕಾರಣ. ಇವತ್ತಿನಿಂದಲೇ ನಿನ್ನ ನೋಟ್ಸ್ ಹಿಂಗ ಬರೆಯೋದು ರೂಢಿ ಮಾಡಕೋ.

ಇನ್ನ ಅಪ್ಪಾರ ಅಂಜಿಕಿ. ಅದು ಸುಳ್ಳು ಅಂಜಿಕಿ ಅಲ್ಲ, ಸುಮ್ಮ ಸಮಾಧಾನ ಹೇಳಬ್ಯಾಡ. ಕ್ಯೂಸಿ ಲ್ಯಾಬ್‌ನ್ಯಾಗ ಕೂತವರಿಗಿ ಏನೂ ಆಗಲ್ಲ ಅನ್ನೋರು ಸಿಗ್ತಾರ. ಆ ದಿನ ಅಲ್ಲಿ ಕಟ್ಟಡನೇ ಕುಸಿದಿತ್ತು. ಅದಕ್ಕ ಲ್ಯಾಬ್ ಬ್ಯಾರೆ ಬ್ಲಾಕ್‌ನ್ಯಾಗ ಅದೋ, ಪ್ರೊಡಕ್ಷನ್ ಮ್ಯಾಲಿನ ಮಹಡಿದಾಗ ಅದೋ ಅನ್ನೋದು ಮೊದಲ ಪ್ರಶ್ನೆ. ಎರಡನೇದು, ಹಿಂದಿನ ಮಾಕ್ ಡ್ರಿಲ್ ಯಾವಾಗ ಆಗಿತ್ತು. ತಾರೀಖು ಪಟ್ಟಂತ ಹೇಳಿದ್ರ ಒಳ್ಳೇದು, "ಆಗ್ತಿರ್ತಾವ" ಅಂದ್ರ ನೀನೇ ತಿಳಕೋ. ಗೇಟಿನೊಳಗ ಹೋದಾಗ ಕಣ್ಣು ತೆರೆದು ನೋಡು. ಅಸೆಂಬ್ಲಿ ಪಾಯಿಂಟ್ ಬೋರ್ಡ್ ಅದೇನು, ಅದರ ಮುಂದ ಲಾರಿ ನಿಲ್ಲಿಸ್ಯಾರೇನು? ಲ್ಯಾಬಿಗೆ ಎರಡನೇ ಬಾಗಿಲು ಅದೇನು, ಅದಕ್ಕ ಕೀಲಿ ಹಾಕ್ಯಾರೇನು? ಕಣ್ಣು ತೊಳಿಯೋ ಐ-ವಾಶ್ ಒತ್ತಿದ್ರ ನೀರು ಬರ್ತದೇನು? ಇವನ್ನ ನೋಡಿ ಬಂದು ಅಪ್ಪಗ ಹೇಳು, ನಂಬ್ತಾರ. ಅಪ್ಪಾರನ್ನೇ ಕರಕೊಂಡು ಬಂದ್ರ ಇನ್ನೂ ಚೊಲೋ. ಒಳಗ ಬಿಡಲ್ಲ, ಆದ್ರ ಹಾಸ್ಟೆಲ್ ನೋಡ್ತಾರ, ಕಂಪನಿ ಬಸ್ ನಿಲ್ಲೋ ಜಾಗ ನೋಡ್ತಾರ.

ಪಟಾನ್‌ಚೆರು, ಬೀರಂಗುಡದಾಗ ಹೆಣ್ಣುಮಕ್ಕಳ ಹಾಸ್ಟೆಲ್ ಭಾಳ ಅವ. ಊಟ ಸೇರಿ 6,000 ಹತ್ರ ಬೀಳ್ತದ. ರೊಟ್ಟಿ ಸಿಗಲ್ಲ, ಅದೊಂದು ತ್ರಾಸು. ರಜಾ ದಿನ ಜಹೀರಾಬಾದ್ ಮ್ಯಾಲಿಂದ ಊರಿಗೆ ಹೋಗಿ ಮನಿಯಿಂದ ಕಟ್ಟಿಸಿಕೊಂಡು ಬರೋದು.

ವಾಡಿ ಸಿ ಶಿಫ್ಟ್:

ಅಕ್ಕಾರು ಹೇಳಿದ್ದು ಎಲ್ಲಾ ಬರಾಬರ್, ಆದ್ರ ಎಲ್ಲರೂ ಯಾಕ ಗಡಿ ದಾಟೇ ಹೋಗ್ಬೇಕು ಅಂತೀನಿ. ವಾಡಿ, ಮಳಖೇಡ, ಸೇಡಂ, ಎಲ್ಲಾ ಕಡೆ ಸುಣ್ಣದ ಕಲ್ಲು ಅದ, ಸಿಮೆಂಟ್ ಫ್ಯಾಕ್ಟರಿ ಅವ, ಪ್ರತಿ ಫ್ಯಾಕ್ಟರಿಗೂ ಲ್ಯಾಬ್ ಅದ. ನಾ ಬಿ.ಎಸ್ಸಿ. ಮ್ಯಾಲ ಶಿಫ್ಟ್ ಕೆಮಿಸ್ಟ್ ಇದೀನಿ. ಕಿಲ್ನ್‌ದಿಂದ ತಾಸಿಗೊಮ್ಮೆ ಕ್ಲಿಂಕರ್ ಸ್ಯಾಂಪಲ್ ಬರ್ತದ. ಪುಡಿ ಮಾಡಿ, ಪೆಲ್ಲೆಟ್ ಒತ್ತಿ ಎಕ್ಸ್‌ಆರ್‌ಎಫ್‌ಗೆ (ಎಕ್ಸ್‌ರೇದಿಂದ ಯಾವ ಧಾತು ಎಷ್ಟದ ಅಂತ ಹೇಳೋ ಮಷಿನ್) ಇಡೋದು. ಫ್ರೀ ಲೈಮ್ (ಕೂಡದೇ ಉಳಿದ ಸುಣ್ಣ) ಬ್ಯಾರೆ ನೋಡ್ತೀವಿ, ಅದು ಹೆಚ್ಚು ಬಂದ್ರ ಕಂಟ್ರೋಲ್ ರೂಮಿಗೆ ಫೋನ್ ಹಚ್ಚೋದು, ಅವರು ಫೀಡ್ ತಿದ್ದೋದು. ನೀ ಹೇಳಿದ ಅಂಕಿ ಮ್ಯಾಲ ಅಷ್ಟು ದೊಡ್ಡ ಬಟ್ಟಿ ನಡೀತದ. ರಾತ್ರಿ ಮೂರಕ್ಕ ಅದೊಂದು ಮಜಾ ಬ್ಯಾರೆ.

ಎಂ.ಎಸ್ಸಿ. ಇದ್ದವರಿಗಿ ಮುಂದ ಕ್ವಾಲಿಟಿ ಹೆಡ್ ತನಕ ದಾರಿ ಅದ. ಸಿಮೆಂಟ್ ಕ್ಯೂಬ್ 28 ದಿನ ನೀರಾಗ ಇಟ್ಟು ಒಡದು ನೋಡೋ ಮಂದಿ ನಾವು, ಪ್ರಮೋಷನ್‌ಗೂ ಅಷ್ಟೇ ತಾಳ್ಮಿ ಬೇಕು ಅಷ್ಟೇ.

ಖರೆ ಹೇಳಬೇಕಂದ್ರ ಎರಡು ತೊಂದ್ರಿ ಅವ. ಹೊಸಬರನ್ನ ಭಾಳ ಸಲ ಕಂಟ್ರಾಕ್ಟರ್ ಮ್ಯಾಲಿಂದ ತಗೋತಾರ, ಕಂಪನಿ ರೋಲ್‌ಗೆ ಬರೋದು ಆಮ್ಯಾಲಿನ ಮಾತು. ನಮ್ಮ ಲ್ಯಾಬಿನಾಗ ಶಿಫ್ಟ್‌ಗೆ ಹೆಣ್ಣುಮಕ್ಕಳು ಕಡಿಮಿ. ಜನರಲ್ ಶಿಫ್ಟ್‌ದಾಗ ಇದ್ದಾರ. ಕೇಳಿ ನೋಡಿದ್ರ ತಪ್ಪೇನಿಲ್ಲ. ಸಕ್ರಿ ಕಾರ್ಖಾನಿ ಲ್ಯಾಬ್ ಮಾತ್ರ ಮೊದಲ ನೌಕ್ರಿಗೆ ಬ್ಯಾಡ. ಕಬ್ಬು ನುರಿಸೋ ಸೀಸನ್ ಮುಗೀತಂದ್ರ ಮನಿಗೆ ಕಳಸ್ತಾರ.

ಹುಮನಾಬಾದ್ ಅಕ್ಕ:

@ವಾಡಿ ಸಿ ಶಿಫ್ಟ್ ಅಣ್ಣಾ, ಕಂಟ್ರಾಕ್ಟರ್ ಮ್ಯಾಲ ಸೇರಿದ ಹುಡುಗಿ ಕಂಪನಿ ರೋಲ್‌ಗೆ ಬಂದಿದ್ದು ನೀವು ಎಷ್ಟು ನೋಡೀರಿ? ಸಿಟ್ಟಿಗೆ ಕೇಳ್ಲತ್ತಿಲ್ಲ, ತಿಳಕೊಳ್ಳಾಕ ಕೇಳ್ಲತ್ತೀನಿ.

ವಾಡಿ ಸಿ ಶಿಫ್ಟ್:

ನಮ್ಮಲ್ಲಿ ನೋಡಿಲ್ರಿ ಅಕ್ಕಾ. ಹುಡುಗರು ಬಂದಾರ.

ಚಿಂಚೋಳಿ ಕೆಮಿಸ್ಟ್ರಿ:

ಎಲ್ಲರಿಗೂ ಥ್ಯಾಂಕ್ಸ್ ರೀ. ಅಕ್ಕಾ, ರೆಕಾರ್ಡ್ ನೋಡಿ ರೀಡಿಂಗ್ ಹೊಂದಿಸೋದು ಓದಿ ನಕ್ಕೆ, ನಮ್ಮ ಬ್ಯಾಚ್ ಪೂರಾ ಅದೇ.

ಇವತ್ತು ಆಫರ್ ಲೆಟರ್ ಪೂರ್ತಿ ಬಂತು. ಹಂಗೇ ಇಲ್ಲಿ ಹಾಕ್ತೀನಿ: ಬೇಸಿಕ್ 12,000, ಎಚ್‌ಆರ್‌ಎ 3,000, ಕನ್ವೇಯನ್ಸ್ 1,000, ಪಿಎಫ್ ಕಂಪನಿ ಪಾಲು 1,440, ಇಎಸ್‌ಐ ಕಂಪನಿ ಪಾಲು 520, ಗ್ರ್ಯಾಚುಟಿ 577. ಬಾಂಡ್: ಎರಡು ವರ್ಷದೊಳಗ ಬಿಟ್ರ 50,000 ಕಟ್ಟಬೇಕು. "ಮೂಲ ಪ್ರಮಾಣಪತ್ರಗಳನ್ನು ಪರಿಶೀಲನೆಗೆ ಸಲ್ಲಿಸತಕ್ಕದ್ದು" ಅನ್ನೋ ಅರ್ಥದ ಒಂದು ಸಾಲು ಅದ. ಕೈಗೆ ಎಷ್ಟು ಬರ್ತದ?

ಭಾಲ್ಕಿ ಎಚ್‌ಆರ್:

ನಾನು ಹೈದರಾಬಾದಿನಲ್ಲೇ ಬೇರೆ ಕ್ಷೇತ್ರದ ಕಂಪನಿಯೊಂದರಲ್ಲಿ ಎಚ್‌ಆರ್ ವಿಭಾಗದಲ್ಲಿದ್ದೇನೆ. ನಿಮ್ಮ ಲೆಕ್ಕ ನೋಡಿದೆ.

ಸಿಟಿಸಿಯ 18,537ರಲ್ಲಿ ಕಂಪನಿಯ ಪಿಎಫ್ ಪಾಲು, ಇಎಸ್‌ಐ ಪಾಲು, ಗ್ರ್ಯಾಚುಟಿ ಮೂರೂ ಸೇರಿವೆ. ಅವನ್ನು ತೆಗೆದರೆ ಉಳಿಯುವುದು 16,000. ಅದರಲ್ಲಿ ನಿಮ್ಮ ಪಾಲಿನ ಪಿಎಫ್ ಬೇಸಿಕ್‌ನ 12%, ಅಂದರೆ 1,440 ಹೋಗುತ್ತದೆ. ಇಎಸ್‌ಐ 0.75%, ಅಂದರೆ 120. ತೆಲಂಗಾಣದ ವೃತ್ತಿ ತೆರಿಗೆ ಈ ಸಂಬಳಕ್ಕೆ 150. ಕೈಗೆ ಬರುವುದು 14,290. ಕ್ಯಾಂಟೀನು, ಬಸ್ಸಿನದು ಬೇರೆ ಹಿಡಿಯುತ್ತಾರೋ ಎಂದು ಕೇಳಿ. ಹಾಸ್ಟೆಲಿನ 6,000 ಕಳೆದ ಮೇಲೂ ಪಿಯು ಕಾಲೇಜಿನ 12,000ದಿಂದ ಕಲಬುರಗಿ ರೂಮು, ಊಟ ಕಳೆದರೆ ಉಳಿಯುವುದಕ್ಕೂ ಇದಕ್ಕೂ ಭಾರೀ ಅಂತರವೇನಿಲ್ಲ. ಆದರೆ ಇದು ಹನ್ನೆರಡೂ ತಿಂಗಳು ಬರುತ್ತದೆ, ಪಿಎಫ್ ಖಾತೆ ತೆರೆಯುತ್ತದೆ. ಇಎಸ್‌ಐನಿಂದ ನಿಮ್ಮ ಚಿಕಿತ್ಸೆಯಷ್ಟೇ ಅಲ್ಲ, ನಿಮ್ಮನ್ನೇ ಅವಲಂಬಿಸಿದ ತಂದೆ ತಾಯಿಗೂ ಅನುಕೂಲವಿದೆ. ಕಲಬುರಗಿಯ ಇಎಸ್‌ಐಸಿ ಆಸ್ಪತ್ರೆ ನಿಮಗೆ ಗೊತ್ತೇ ಇರುತ್ತದೆ. ಇಎಸ್‌ಐಗೆ ಸಂಬಳದ ಮಿತಿ ತಿಂಗಳಿಗೆ 21,000.

ಇನ್ನೊಂದು. ಪತ್ರದಲ್ಲಿ "ಟ್ರೈನಿ" ಎಂದಿದೆಯೋ, ಅಪ್ರೆಂಟಿಸ್ ಕಾಯ್ದೆಯಡಿಯ "ಅಪ್ರೆಂಟಿಸ್" ಎಂದಿದೆಯೋ ನೋಡಿ. ಅಪ್ರೆಂಟಿಸ್ ಆದರೆ ಪಿಎಫ್ ಇರುವುದಿಲ್ಲ, ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂದೂ ಇಲ್ಲ. ನಿಮ್ಮದರಲ್ಲಿ ಪಿಎಫ್ ತೋರಿಸಿದ್ದಾರೆ, ಹಾಗಾಗಿ ಟ್ರೈನಿಯೇ ಇರಬೇಕು. ಆದರೂ ಓದಿ ನೋಡಿ.

ಬಾಂಡ್ ವಿಷಯ. "ಬಾಂಡ್‌ಗೆಲ್ಲ ಕಾನೂನಿನಲ್ಲಿ ಬೆಲೆ ಇಲ್ಲ, ಸಹಿ ಹಾಕಿ ಬಿಡು" ಎಂದು ಗೆಳೆಯರು ಹೇಳುತ್ತಾರೆ, ನಂಬಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ಕಟ್ಟಬೇಕೆಂಬ ಷರತ್ತನ್ನು ಎತ್ತಿಹಿಡಿದಿದೆ. ಅದು ಸರ್ಕಾರಿ ಬ್ಯಾಂಕು, ನಿಮ್ಮದು ಖಾಸಗಿ ಕಂಪನಿ, ಎಲ್ಲವೂ ಒಂದೇ ಅಲ್ಲ. ಆದರೂ ಸಹಿ ಹಾಕಿದರೆ ಹಾಕಿದ್ದೇ ಎಂದು ತಿಳಿದು ಹಾಕಿ. ಎರಡು ವರ್ಷದ ಲೆಕ್ಕ ಜಾಯಿನಿಂಗ್ ದಿನದಿಂದಲೋ, ಟ್ರೈನಿಂಗ್ ಮುಗಿದ ಮೇಲಿಂದಲೋ? ಕಂಪನಿಯೇ ಕೆಲಸದಿಂದ ತೆಗೆದರೆ 50,000 ಯಾರ ತಲೆಗೆ? ಸರ್ಕಾರಿ ಕೆಲಸ ಸಿಕ್ಕು ಬಿಟ್ಟರೆ ವಿನಾಯಿತಿ ಇದೆಯೇ? ಈ ಮೂರನ್ನು ಬರಹದಲ್ಲಿ ಪಡೆಯಿರಿ. ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ.

ಒರಿಜಿನಲ್ ಮಾರ್ಕ್ಸ್‌ಕಾರ್ಡ್ ತೋರಿಸಿ, ಜೆರಾಕ್ಸ್ ಕೊಟ್ಟು, ಅಂದೇ ಒರಿಜಿನಲ್ ವಾಪಸ್ ತನ್ನಿ. ನಮ್ಮಲ್ಲೇ ಇರಲಿ ಎಂದರೆ ಅಲ್ಲಿಂದ ಎದ್ದು ಬನ್ನಿ. ಮುಂದೆ ಯಾವ ಸರ್ಕಾರಿ ಪರೀಕ್ಷೆಯ ದಾಖಲೆ ಪರಿಶೀಲನೆಗೂ ಅವು ಬೇಕು. ಕನ್ಸಲ್ಟೆನ್ಸಿ, ಯೂನಿಫಾರ್ಮ್, ರಿಜಿಸ್ಟ್ರೇಷನ್ ಎಂದು ಯಾರಾದರೂ ರೊಕ್ಕ ಕೇಳಿದರೆ ಅದು ಕೆಲಸವೇ ಅಲ್ಲ.

ನಿವೃತ್ತ ಮಾಸ್ತರ, ಯಾದಗಿರಿ:

ನೋಡವ್ವಾ, ನಿನ್ನ ತಂದೆಯ ಪರವಾಗಿ ಯಾರೂ ಮಾತಾಡಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ಅವರು ಹೇಳುವುದರಲ್ಲಿ ಅರ್ಧ ನಿಜವಿದೆ. 371ಜೆ ಸಣ್ಣ ಮಾತಲ್ಲ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದದ್ದು. 2013ರ ಆದೇಶದ ಪ್ರಕಾರ ನಮ್ಮ ಭಾಗದ ಹುದ್ದೆಗಳಲ್ಲಿ ಗ್ರೂಪ್ ಎ, ಬಿಗೆ 75%, ಗ್ರೂಪ್ ಸಿಗೆ 80%, ಗ್ರೂಪ್ ಡಿಗೆ 85% ಸ್ಥಳೀಯರಿಗೆ ಮೀಸಲು. ರಾಜ್ಯ ಮಟ್ಟದ ಕಚೇರಿಗಳಲ್ಲಿ 8%. ನಮ್ಮ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಕರೆದಾಗ 5,000 ಹುದ್ದೆ ಕಲ್ಯಾಣ ಕರ್ನಾಟಕಕ್ಕೇ ಇತ್ತು.

ಆದರೆ ಉಳಿದರ್ಧವನ್ನೂ ಹೇಳಬೇಕು. ಆ 5,000ಕ್ಕೆ ಬಿ.ಇಡಿ.ಯಂಥ ಶಿಕ್ಷಕ ತರಬೇತಿ ಬೇಕಿತ್ತು, ನಿನ್ನ ಹತ್ತಿರ ಇಲ್ಲ. 2024ರ ಕೊನೆಯಲ್ಲಿ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ಅಧಿಸೂಚನೆ ಬೇಡ ಎಂದು ಸರ್ಕಾರ ನಿಲ್ಲಿಸಿತು. ಅದನ್ನೇ ನಂಬಿ ಕೋಚಿಂಗ್ ರೂಮಿನಲ್ಲಿ ಕೂತಿದ್ದ ಮಕ್ಕಳು ಏನು ಮಾಡಬೇಕಿತ್ತು? ಬಾಡಿಗೆ ಯಾರೂ ನಿಲ್ಲಿಸಲಿಲ್ಲ. ಯುವನಿಧಿಯ 3,000 ಎರಡು ವರ್ಷಕ್ಕೆ ಮಾತ್ರ, ಅದರಲ್ಲಿ ಪುಸ್ತಕ ಬಂದೀತು, ರೂಮು ಬಾರದು.

ನನ್ನ ಶಿಷ್ಯರನ್ನು ನೋಡಿ ಹೇಳುತ್ತೇನೆ. ಬರೀ ಪರೀಕ್ಷೆ ಎಂದು ಕೂತವರಲ್ಲಿ ಕೆಲವರು ಪಾಸಾದರು, ಸಂತೋಷ. ಉಳಿದವರು ವಯಸ್ಸು ಮೂವತ್ತರ ಹತ್ತಿರ ಬಂದಾಗ ಖಾಸಗಿಗೆ ಹೋದರೆ "ಇಷ್ಟು ವರ್ಷ ಏನು ಮಾಡಿದೆ?" ಎನ್ನುತ್ತಾರೆ. ಆ ಪ್ರಶ್ನೆಗೆ ಓದುತ್ತಿದ್ದೆ ಎನ್ನುವ ಉತ್ತರವನ್ನು ಯಾರೂ ಒಪ್ಪುವುದಿಲ್ಲ, ಅದು ನಿಜವಾದ ಉತ್ತರವೇ ಆಗಿದ್ದರೂ. ಕೆಲಸದಲ್ಲಿದ್ದುಕೊಂಡು ಓದಿದವರು ನಿಧಾನಕ್ಕೆ ಹೋಗುತ್ತಾರೆ. ಆದರೆ ಅವರ ಕೈ ಬರಿದಾಗಿರುವುದಿಲ್ಲ.

ನೀನು ಕೆಮಿಸ್ಟ್ರಿಯವಳು. ಎಫ್‌ಡಿಎ, ಎಸ್‌ಡಿಎ (ಪ್ರಥಮ, ದ್ವಿತೀಯ ದರ್ಜೆ ಸಹಾಯಕ) ಎಂದು ಎಲ್ಲರ ಜೊತೆ ಓಡುವುದಕ್ಕಿಂತ ನಿನ್ನ ವಿಷಯದ ಹುದ್ದೆಗಳ ಮೇಲೆ ಕಣ್ಣಿಡು. ಕಲಬುರಗಿಯಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ. ಮಾಲಿನ್ಯ ನಿಯಂತ್ರಣ ಮಂಡಳಿ ಇದೆ. ಇಂಥ ಕಡೆ ಲ್ಯಾಬಿನಲ್ಲಿ ಕೈಯಾಡಿಸಿದ ಅನುಭವ ವ್ಯರ್ಥವಾಗುವುದಿಲ್ಲ. ಹುದ್ದೆ ಕಡಿಮೆ, ಪೈಪೋಟಿಗೆ ಬರುವವರೂ ಕಡಿಮೆ.

ಊರು ಬಿಡುವ ಮೊದಲು ಒಂದು ಕೆಲಸ ಮುಗಿಸು. 371ಜೆ ಅರ್ಹತಾ ಪ್ರಮಾಣಪತ್ರ, ಅನುಬಂಧ-ಎ ನಮೂನೆಯದು, ಉಪವಿಭಾಗಾಧಿಕಾರಿಯಿಂದ ಮಾಡಿಸಿಕೋ. ನಿಮ್ಮ ತಾಲೂಕಿಗೆ ಸೇಡಂ ಎಸಿ ಕಚೇರಿ. ಒಂದನೇ ತರಗತಿಯಿಂದ ಓದಿದ ವ್ಯಾಸಂಗ ಪ್ರಮಾಣಪತ್ರ ಶಾಲೆಯಿಂದ ತರಿಸಿಟ್ಟುಕೋ. ಅಧಿಸೂಚನೆ ಬಂದ ಮೇಲೆ ಎಲ್ಲರೂ ಒಟ್ಟಿಗೆ ಹೋಗುತ್ತಾರೆ, ಆಗ ಪಾಶಮೈಲಾರಂದಿಂದ ರಜೆ ಹಾಕಿ ಬಂದು ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಖಾಸಗಿ ಕಂಪನಿಗೆ ಈ ಮೀಸಲಾತಿ ಅನ್ವಯಿಸದು, ಅಲ್ಲಿ ತೋರಿಸಲು ಹೋಗಬೇಡ.

ಕಪನೂರ್ ಗೇಟ್:

ಮಾಸ್ತರ್ರೇ, ಶಿಫ್ಟ್ ಮಾಡಿ ಬಂದು ಓದಾಕ ಆಗ್ತದಂತೀರೇನು? ನಾ ನೋಡಿದವರೆಲ್ಲಾ ರೂಮಿಗೆ ಬಂದು ಮಕ್ಕೋತಾರ.

ನಿವೃತ್ತ ಮಾಸ್ತರ, ಯಾದಗಿರಿ:

ದಿನಾ ಆಗುವುದಿಲ್ಲ. ವಾರದ ರಜೆ, ಬಸ್ಸಿನ ಹೊತ್ತು, ಅಷ್ಟರಲ್ಲಿ ಆದಷ್ಟು. ಎಲ್ಲರಿಂದ ಆಗುತ್ತದೆ ಎಂದು ನಾನು ಹೇಳಲಾರೆ.

ಚಿಂಚೋಳಿ ಕೆಮಿಸ್ಟ್ರಿ:

ಮಾಸ್ತರ್ರೇ, ನೀವು ಬರೆದಿದ್ದು ಅಪ್ಪಗ ಓದಿ ಹೇಳಿದೆ. ನಿಮ್ಮದು ಮಾತ್ರ ಪೂರ್ತಿ ಕೇಳಿದ್ರು, ಉಳಿದವರದು "ಇರ್ಲಿ ಬಿಡು" ಅಂದ್ರು. ಆಮ್ಯಾಲ "50,000 ನಾ ಎಲ್ಲಿಂದ ಕಟ್ಲಿ?" ಅಂತ ಒಂದೇ ಮಾತು. ಭಾಲ್ಕಿ ಎಚ್‌ಆರ್ ಅವರು ಹೇಳಿದ ಮೂರೂ ಪ್ರಶ್ನೆ, ಅಕ್ಕನ ಪ್ರಶ್ನೆಗಳನ್ನೂ ಸೇರಿಸಿ ಮೇಲ್ ಹಾಕಿದೆ. ಜವಾಬು ಬಂತು. ಬಾಂಡ್ ಜಾಯಿನಿಂಗ್ ದಿನದಿಂದಲೇ ಲೆಕ್ಕ. ಕಂಪನಿ ತೆಗೆದ್ರ ಕಟ್ಟೋದಿಲ್ಲ. ಸರ್ಕಾರಿ ಕೆಲಸಕ್ಕ ವಿನಾಯಿತಿ ಇಲ್ಲ ಅಂತ ಸೀದಾ ಬರೆದಾರ. ಸೆಕ್ಷನ್ ಕಚ್ಚಾಮಾಲಿಂದು. ಲ್ಯಾಬ್ ಬ್ಯಾರೆ ಬ್ಲಾಕ್ ಅಂತ. ಮಾಕ್ ಡ್ರಿಲ್ ತಾರೀಖು ಕೊಟ್ಟಿಲ್ಲ, "ನಿಯಮಿತವಾಗಿ ನಡೆಸಲಾಗುತ್ತದೆ" ಅಂತ ಬರೆದಾರ.

ಅಕ್ಕಾ, ನೀವು ಹೇಳಿದ ವಾರ್ನಿಂಗ್ ಲೆಟರ್‌ನ್ಯಾಗ ಇವರ ಹೆಸರು ಇಲ್ಲ. ನೋಡಿದೆ.

ಹೋಗೋದು ಅಂತ ಮಾಡೀನಿ. ಅಪ್ಪ ಬರ್ತಾರ ಹಾಸ್ಟೆಲ್ ನೋಡಾಕ. ಸೇಡಂಗೆ ಮೊದಲು ಹೋಗಿ ಬರ್ತೀನಿ. ಮೊದಲ ದಿನಕ್ಕ ಏನೇನು ತಗೊಂಡು ಬರ್ಲಿ?

ಹುಮನಾಬಾದ್ ಅಕ್ಕ:

ಕಚ್ಚಾಮಾಲಿನ ಸೆಕ್ಷನ್ ಚೊಲೋ ಅದ, ಎಲ್ಲಾ ಥರದ ಟೆಸ್ಟ್ ಕೈಗೆ ಬರ್ತಾವ. ಡ್ರಿಲ್ ತಾರೀಖು ಸೇಫ್ಟಿ ಇಂಡಕ್ಷನ್ ದಿನ ಎಲ್ಲರ ಮುಂದ ಮತ್ತ ಕೇಳು, ನಾಚಬ್ಯಾಡ. ಎರಡನೇ ಬಾಗಿಲಿಗೆ ಕೀಲಿ ಇದ್ರ ಅದನ್ನೂ ಅವತ್ತೇ ಹೇಳು.

ಮಾರ್ಕ್ಸ್‌ಕಾರ್ಡ್ ಎರಡು ಸೆಟ್ ಜೆರಾಕ್ಸ್, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಫೋಟೊ. ಆಧಾರ್‌ನ್ಯಾಗ, ಪ್ಯಾನ್‌ನ್ಯಾಗ, ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡ್‌ನ್ಯಾಗ ಹೆಸರು ಒಂದೇ ಥರ ಅದೇನು ಈಗೇ ನೋಡು. ಒಂದು ಅಕ್ಷರ ಹೆಚ್ಚುಕಡಿಮಿ ಇದ್ರೂ ಪಿಎಫ್ ಖಾತೆ ಅಡ್ಡ ನಿಲ್ತದ. ಸೇಫ್ಟಿ ಶೂ, ಏಪ್ರನ್, ಕನ್ನಡಕ ಅವರೇ ಕೊಡಬೇಕು, ರೊಕ್ಕ ಹಿಡಿಯಂಗಿಲ್ಲ. ಲ್ಯಾಬ್‌ನ್ಯಾಗ ಬಳಿ, ಉಂಗುರ, ಉಗುರಿನ ಬಣ್ಣ ನಡಿಯಲ್ಲ, ಕೂದಲು ಕ್ಯಾಪ್ ಒಳಗ ಹೋಗಬೇಕು. ಅಡಚಣಿ ಅನ್ನಿಸ್ತದ, ಒಂದು ವಾರ.

ಹಾಸ್ಟೆಲ್ ಅಡ್ವಾನ್ಸ್ ಕೊಡೋ ಮೊದಲು ಕಂಪನಿ ಬಸ್ ಎಲ್ಲಿ ನಿಲ್ತದ ಕೇಳಿ, ಅಲ್ಲಿಗೆ ನಡಕೊಂಡು ಹೋಗೋ ದೂರದಾಗ ಹುಡುಕು. ಎರಡನೇ ಶಿಫ್ಟ್ ಬಿಟ್ಟು ಬರೋದು ರಾತ್ರಿ ಹನ್ನೊಂದರ ಮ್ಯಾಲ ಆಗ್ತದ, ಆಗ ಆಟೋಕ್ಕ ಕಾಯೋದು ಬ್ಯಾಡ. ನಂಗ ಖಾಸಗಿ ಸಂದೇಶ ಹಾಕು, ನಾಲ್ಕು ಹಾಸ್ಟೆಲ್ ಹೆಸರು ಕೊಡ್ತೀನಿ. ಒಂದರಾಗ ನಮ್ಮ ಬೀದರ್ ಕಡೆಯಾಕಿನೇ ಅಡಗಿ ಮಾಡ್ತಾಳ, ಆದ್ರ ಅಲ್ಲಿ ಖಾಲಿ ಸಿಗೋದು ಕಷ್ಟ, ಮೊದಲೇ ಫೋನ್ ಮಾಡು.